ಅಜ್ಜಿಯ ಬೆನ್ನಹಿಂದಿನ ತುಳಸಿಕಟ್ಟೆ

2008ರ ಮಳೆಗಾಲದಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ಮರುದಿನದ ಪತ್ರಿಕೆಯಲ್ಲಿ ಶ್ರದ್ಧಾಂಜಲಿಯ ಜಾಹೀರಾತು ಬರಬೇಕೆಂದು ದೊಡ್ಡಪ್ಪ ಹೇಳಿದಾಗ, ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ನಾನೊಬ್ಬನೇ ಆಗಿದ್ದುದರಿಂದ, ಫೋಟೋ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿ ಒಬ್ಬರೇ ಇರುವ ಚಿತ್ರ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅತ್ತೆಯ ಆಲ್ಬಮ್ಮಿನಲ್ಲಿ ಒಂದು ಬಣ್ಣದ ಪ್ರಿಂಟು ಸಿಕ್ಕಿತು. ತ್ಯಾಗರಾಜನಗರದ ನಮ್ಮ ಹಳೆಯ ಮನೆಯ ಅಂಗಳ, ಅಂಗಳದಲ್ಲಿ ತಾತ ಕಟ್ಟಿಸಿದ್ದ ತುಳಸಿಕಟ್ಟೆ, ಅದರ ಹಿಂದೆ ಕೆಂಪು ಗಾರೆಯ ಜಗಲಿ, ಜಗಲಿಯ ಮೇಲೆ ಒಣಹಾಕಿದ್ದ ಹಪ್ಪಳ, ಎಲ್ಲದರ ಮುಂದೆ ಮಲ್ಲಿಗೆ ಮುಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ ಅಜ್ಜಿ.

ಜಾಹೀರಾತಿಗೆ ಬೇಕಾಗಿದ್ದದ್ದು ಅಜ್ಜಿಯ ಮುಖ ಮಾತ್ರ. ಪ್ರಿಂಟನ್ನು ಸ್ಕ್ಯಾನ್ ಮಾಡಿ, ಫೋಟೋಶಾಪಿನಲ್ಲಿ ತೆರೆದು, ಎರೇಸರ್ ಹಿಡಿದು ಹಿನ್ನೆಲೆಯನ್ನೆಲ್ಲ ಅರ್ಧ ಗಂಟೆಯಲ್ಲಿ ಒರೆಸಿ ಹಾಕಿದೆ. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪ ಪದೇ ಪದೇ ಗಡಿಯಾರ ನೋಡುತ್ತಿದ್ದರು. ತಲೆಗೂದಲಿನ ಅಂಚಿನಲ್ಲಿ ಕೈ ಜಾರಿ ಮುಡಿಯ ಅರ್ಧ ಭಾಗವೂ ಮಲ್ಲಿಗೆಯೂ ಹೋದವು. ಪತ್ರಿಕೆಯ ಸಣ್ಣ ಚೌಕದಲ್ಲಿ ಅದು ಯಾರಿಗೂ ಕಾಣುವುದಿಲ್ಲವೆಂದು ಸಮಾಧಾನ ಮಾಡಿಕೊಂಡು, ಅದೇ ಹೆಸರಿನಲ್ಲಿ, ಅದೇ ಜೆಪೆಗ್ ಕಡತದ ಮೇಲೆಯೇ ಸೇವ್ ಒತ್ತಿದೆ. ಪ್ರಿಂಟು ಅತ್ತೆಯ ಮನೆಗೆ ಹಿಂದಿರುಗಿತು. ಅವರು ಮನೆ ಬದಲಾಯಿಸಿದಾಗ ಆಲ್ಬಮ್ ಇದ್ದ ಪೆಟ್ಟಿಗೆಯೇ ಕಾಣೆಯಾಯಿತು. ಮುಂದೆ ಕೆಲವು ವರ್ಷಗಳಿಗೆ ಆ ಮನೆಯೂ ಬಿಲ್ಡರ್ ಕೈಗೆ ಹೋಗಿ ಈಗ ಅಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ. ಆ ತುಳಸಿಕಟ್ಟೆ ಮತ್ತು ಜಗಲಿ ಬಣ್ಣದಲ್ಲಿ ದಾಖಲಾಗಿದ್ದ ಒಂದೇ ಒಂದು ಚಿತ್ರ ಅದಾಗಿತ್ತೆಂಬುದು ನಮಗೆ ಗೊತ್ತಾದದ್ದು ಆಮೇಲೆ. ಅಜ್ಜಿಯ ಮುಖವಿರುವ ಚಿತ್ರಗಳು ಬಂಧುಗಳ ಮನೆಗಳಿಂದ ನಂತರ ಬೇಕಾದಷ್ಟು ಬಂದವು. ನಾನು ಬೇಡವೆಂದು ಒರೆಸಿ ಹಾಕಿದ್ದು ಮಾತ್ರ ಯಾರ ಮನೆಯಿಂದಲೂ ಬರಲಿಲ್ಲ.

ಆ ಎರೇಸರ್ ಅಂದು ನಿಜವಾಗಿ ಏನು ಮಾಡಿತೆಂಬುದನ್ನು ನಾನು ಅರ್ಥಮಾಡಿಕೊಂಡದ್ದೂ ತಡವಾಗಿಯೇ. ಜೆಪೆಗ್ ಚಿತ್ರವನ್ನು ಫೋಟೋಶಾಪಿನಲ್ಲಿ ತೆರೆದಾಗ ಅದು ‘ಬ್ಯಾಕ್‌ಗ್ರೌಂಡ್’ ಎಂಬ ಬೀಗ ಹಾಕಿದ ಪದರವಾಗಿ ಬರುತ್ತದೆ. ಪದರವೆಂದರೆ ಒಂದರ ಮೇಲೊಂದು ಪೇರಿಸಬಹುದಾದ ಚಿತ್ರದ ಹಾಳೆ. ಆ ಪದರದಲ್ಲಿ ಪಾರದರ್ಶಕತೆ ಎಂಬುದಕ್ಕೆ ಜಾಗವೇ ಇಲ್ಲ. ಆದ್ದರಿಂದ ಅಲ್ಲಿ ಎರೇಸರ್ ಉಜ್ಜಿದರೆ ಏನೂ ಅಳಿಯುವುದಿಲ್ಲ. ಸಾಧನಪಟ್ಟಿಯಲ್ಲಿ ಹಿನ್ನೆಲೆ ಬಣ್ಣವೆಂದು ಯಾವುದನ್ನು ಇಟ್ಟಿರುತ್ತೇವೆಯೋ ಅದು, ಸಾಮಾನ್ಯವಾಗಿ ಬಿಳಿ, ಅಲ್ಲಿ ಬಳಿದುಕೊಳ್ಳುತ್ತದೆ. ನಾನು ತುಳಸಿಕಟ್ಟೆಗೆ ಸುಣ್ಣ ಹೊಡೆದಿದ್ದೆ, ಅಷ್ಟೇ. ಪದರಕ್ಕೆ ಆಲ್ಫಾ ಚಾನೆಲ್ ಇದ್ದರೆ, ಅಂದರೆ ಚಿತ್ರದ ಪ್ರತಿ ಪಿಕ್ಸೆಲ್ಲಿಗೂ, ಎಂದರೆ ಪ್ರತಿ ಚಿಕ್ಕ ಬಿಂದುವಿಗೂ, ಕೆಂಪು, ಹಸಿರು, ನೀಲಿಗಳ ಜೊತೆಗೆ ‘ಎಷ್ಟು ಕಾಣಬೇಕು’ ಎಂಬ ನಾಲ್ಕನೆಯ ಅಂಕಿಯೂ ಇದ್ದರೆ, ಕಥೆ ಸ್ವಲ್ಪ ಬೇರೆಯಾಗುತ್ತದೆ. ಚಿತ್ರ ತಿದ್ದುವ ಗಿಂಪ್ ಎಂಬ ಇನ್ನೊಂದು ತಂತ್ರಾಂಶದ ಎರೇಸರ್ ಇಂಥ ಪದರದಲ್ಲಿ ಆ ನಾಲ್ಕನೆಯ ಅಂಕಿಯನ್ನು ಮಾತ್ರ ಸೊನ್ನೆಗೆ ಇಳಿಸುತ್ತದೆ. ಬಣ್ಣದ ಮೂರು ಅಂಕಿಗಳು ಕೆಳಗೆ ಹಾಗೆಯೇ ಉಳಿದಿರುತ್ತವೆ. ಅದಕ್ಕಾಗಿಯೇ ಗಿಂಪಿನ ಎರೇಸರ್‌ಗೆ ‘ಆಂಟಿ ಇರೇಸ್’ ಎಂಬ ಆಯ್ಕೆಯಿದೆ. ಅದನ್ನು ಆರಿಸಿ ಉಜ್ಜಿದರೆ ಅಳಿಸಿದ್ದು ಮರಳಿ ಬರುತ್ತದೆ. ಈ ವಿಷಯ ಓದಿದ ರಾತ್ರಿಯೇ ಅಜ್ಜಿಯ ಕಡತವನ್ನು ಗಿಂಪಿನಲ್ಲಿ ತೆರೆದು ಪ್ರಯತ್ನಿಸಿದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಜೆಪೆಗ್‌ನಲ್ಲಿ ಆಲ್ಫಾ ಇರುವುದಿಲ್ಲ. ಸುಣ್ಣದ ಕೆಳಗೆ ಗೋಡೆಯೇ ಇರಲಿಲ್ಲ.

ಇದಕ್ಕೆ ಪರಿಹಾರವಾಗಿ ಇರುವ ವಿಧಾನವೇ ಮಾಸ್ಕ್. ಅದನ್ನು ಯಾರಿಗಾದರೂ ವಿವರಿಸಬೇಕಾದಾಗ ನಾನು ಬಳಸುವ ಹೋಲಿಕೆ ದೇವಸ್ಥಾನದ್ದು. ಅಲಂಕಾರದ ಹೊತ್ತಿನಲ್ಲಿ ಗರ್ಭಗುಡಿಯ ಮುಂದೆ ತೆರೆ ಎಳೆಯುತ್ತಾರೆ. ಹೊರಗೆ ನಿಂತವರಿಗೆ ಮೂರ್ತಿ ಕಾಣುವುದಿಲ್ಲ. ಆದರೆ ಮೂರ್ತಿ ಎಲ್ಲಿಗೂ ಹೋಗಿಲ್ಲವೆಂದು ಎಲ್ಲರಿಗೂ ಗೊತ್ತು, ತೆರೆ ಸರಿಸಿದ ಕ್ಷಣ ಮಂಗಳಾರತಿ. ಮಾಸ್ಕ್ ಎಂಬುದು ಚಿತ್ರದ ಪದರಕ್ಕೆ ಕಟ್ಟಿದ ಅಂಥ ಒಂದು ತೆರೆ. ಒಂದೇ ವ್ಯತ್ಯಾಸವೆಂದರೆ ಈ ತೆರೆಯನ್ನು ಪ್ರತಿ ಪಿಕ್ಸೆಲ್ಲಿನ ಮುಂದೆಯೂ ಬೇರೆ ಬೇರೆಯಾಗಿ, ಎಷ್ಟು ಬೇಕೋ ಅಷ್ಟು ಎಳೆಯಬಹುದು.

ತಾಂತ್ರಿಕವಾಗಿ ನೋಡಿದರೆ ಮಾಸ್ಕ್ ಎಂದರೆ ಮೂಲಚಿತ್ರದ ಪಕ್ಕದಲ್ಲಿ ಕುಳಿತಿರುವ ಇನ್ನೊಂದು ಕಪ್ಪುಬಿಳುಪು ಚಿತ್ರ. ಸಾಮಾನ್ಯ 8 ಬಿಟ್ ಕಡತದಲ್ಲಿ ಅದರ ಪ್ರತಿ ಬಿಂದುವಿಗೂ 0ಯಿಂದ 255ರವರೆಗೆ, ಒಟ್ಟು 256 ಮಟ್ಟಗಳು. 255 ಅಂದರೆ ಅಚ್ಚ ಬಿಳಿ. ಅಲ್ಲಿ ಮೇಲಿನ ಪದರ ಪೂರ್ತಿ ಕಾಣುತ್ತದೆ. 0 ಅಂದರೆ ಕಪ್ಪು. ಅಲ್ಲಿ ಮೇಲಿನ ಪದರ ಮರೆಯಾಗಿ ಕೆಳಗಿನದು ಕಾಣುತ್ತದೆ. ನಡುವಿನ ಬೂದು ಬಣ್ಣಗಳಲ್ಲಿ ಎರಡೂ ಬೆರೆಯುತ್ತವೆ. ಮೇಲಿನ ಪದರದ ಬಿಂದು 200ರಷ್ಟು ಬೆಳಕಿನದು, ಕೆಳಗಿನದು 100, ಮಾಸ್ಕಿನ ಬೆಲೆ 128 ಎಂದಿಟ್ಟುಕೊಂಡರೆ ಪರದೆಯ ಮೇಲೆ ಕಾಣುವುದು ಸುಮಾರು 150. ಇಷ್ಟೇ ಲೆಕ್ಕ. ಚಿತ್ರದೊಂದಿಗೆ ಆಲ್ಫಾ ಚಾನೆಲ್ ಇಡುವ ಕಲ್ಪನೆಯನ್ನು 1970ರ ದಶಕದಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ರೂಪಿಸಿದರು. ಎರಡು ಚಿತ್ರಗಳನ್ನು ಹೀಗೆ ಬೆರೆಸುವ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ತಮ್ಮ ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಬರೆದಿಟ್ಟರು. ಫೋಟೋಶಾಪಿನ ಮೊದಲ ಆವೃತ್ತಿ ಬಂದದ್ದು 1990ರಲ್ಲಿ, ಆದರೆ ಅದಕ್ಕೆ ಪದರಗಳು ಸೇರಿದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಆ ತಂತ್ರಾಂಶದಲ್ಲಿ ಕೆಲಸ ಮಾಡಿದವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಆದರೆ ಮಾಸ್ಕ್ ಕಂಪ್ಯೂಟರಿನಲ್ಲಿ ಹುಟ್ಟಿದ್ದಲ್ಲ, ಅಚ್ಚುಕೂಟದಿಂದ ಬಂದದ್ದು. ಸುಲ್ತಾನ್‌ಪೇಟೆಯಲ್ಲಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಲು ಹೋದಾಗಲೆಲ್ಲ ನಾನು ಮಾತಿಗೆ ಕೂರುವ ಹಿರಿಯರೊಬ್ಬರು ಇದ್ದಾರೆ. ಆಫ್‌ಸೆಟ್ ಪ್ಲೇಟ್ ತಯಾರಿಸುವ ಕೆಲಸದಲ್ಲಿ ಅವರದು ಬಹಳ ವರ್ಷಗಳ ಅನುಭವ. ಹಿಂದೆ ಚಿತ್ರದ ಯಾವುದಾದರೂ ಭಾಗ ಅಚ್ಚಾಗಬಾರದೆಂದರೆ ಅದರ ಮೇಲೆ ಮಾಣಿಕ್ಯದಂಥ ಕೆಂಪು ಬಣ್ಣದ ತೆಳು ಫಿಲ್ಮ್ ಇಟ್ಟು, ಬೇಕಾದ ಆಕಾರಕ್ಕೆ ಬ್ಲೇಡಿನಿಂದ ಕೊರೆದು, ಉಳಿದದ್ದನ್ನು ಸುಲಿದು ತೆಗೆಯುತ್ತಿದ್ದರಂತೆ. ಕೆಂಪೇ ಏಕೆ ಎಂದು ಕೇಳಿದೆ. ಆ ಕೆಲಸಕ್ಕೆ ಬಳಸುವ ಫಿಲ್ಮಿಗೆ ಕೆಂಪು ಬೆಳಕು ತಾಗುವುದೇ ಇಲ್ಲ, ಅದರ ಲೆಕ್ಕಕ್ಕೆ ಕೆಂಪೂ ಒಂದೇ ಕಪ್ಪೂ ಒಂದೇ; ಆದರೆ ಕೊರೆಯುವವನ ಕಣ್ಣಿಗೆ ಕೆಂಪಿನ ಮೂಲಕ ಕೆಳಗಿನ ಚಿತ್ರ ಕಾಣುತ್ತದೆ, ಗೆರೆ ತಪ್ಪುವುದಿಲ್ಲ ಎಂದರು. ಫೋಟೋಶಾಪಿನಲ್ಲಿ ‘ಕ್ಯೂ’ ಕೀಲಿ ಒತ್ತಿ ಕ್ವಿಕ್ ಮಾಸ್ಕ್‌ಗೆ ಹೋದಾಗ ಆರಿಸದ ಭಾಗವೆಲ್ಲ ಅರೆಪಾರದರ್ಶಕ ಕೆಂಪಾಗಿ ಕಾಣುವುದರ ಗುಟ್ಟು ನನಗೆ ತಿಳಿದದ್ದು ಹೀಗೆ. ಅಷ್ಟು ವರ್ಷ ಅದನ್ನು ಅಪಾಯದ ಸೂಚನೆಯೆಂದು ತಿಳಿದಿದ್ದೆ.

ಈಗ ಕೆಲಸದ ಮಾತಿಗೆ ಬರೋಣ. ಇತ್ತೀಚೆಗೆ ನಮ್ಮ ಚಿಕ್ಕಪ್ಪನ ಷಷ್ಟ್ಯಬ್ದಿ ನಡೆಯಿತು. ಅದರ ಆಮಂತ್ರಣ ಪತ್ರಿಕೆಗೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ನಿಂತಿರುವ ಒಂದು ಫೋಟೋ ಆರಿಸಿದ್ದರು. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯ ಮುಂದೆ ಭಾನುವಾರದ ಸಂಜೆ ಜನರಿಲ್ಲದ ಫೋಟೋ ತೆಗೆಯುವುದು ಬೆಂಗಳೂರಿನಲ್ಲಿ ಯಾರಿಂದಲೂ ಸಾಧ್ಯವಿಲ್ಲ. ಹಿಂದೆ ಓಡಾಡುತ್ತಿದ್ದ ಐದು ಜನರನ್ನು ತೆಗೆಯಬೇಕೆಂದು ಚಿಕ್ಕಪ್ಪನ ಅಪ್ಪಣೆಯಾಯಿತು. ಇದರ ಜೊತೆಗೆ ಇಬ್ಬರ ಆಕೃತಿಯನ್ನು ಮಾತ್ರ ಬಿಡಿಸಿ, ಒಳಪುಟದಲ್ಲಿ ತಿಳಿ ಅರಿಸಿನ ಬಣ್ಣದ ಹಿನ್ನೆಲೆಯ ಮೇಲೆ ಕೂರಿಸಬೇಕೆಂಬುದು ಚಿಕ್ಕಮ್ಮನ ಬಯಕೆ.

ಎರಡನೆಯದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರಲ್ಲಿಯೇ ಮಾಸ್ಕಿನ ಸಾರವೆಲ್ಲ ಇದೆ. ಮೂಲಪದರದ ಒಂದು ನಕಲು ತೆಗೆದು, ಅದರ ಕೆಳಗೆ ಅರಿಸಿನ ಬಣ್ಣದ ಪದರವೊಂದನ್ನು ಇಟ್ಟು, ನಕಲಿಗೆ ಮಾಸ್ಕ್ ಸೇರಿಸಿ, ಕಪ್ಪು ಬಣ್ಣದ ಬ್ರಷ್ಷಿನಿಂದ ಹಿನ್ನೆಲೆಯ ಮೇಲೆ ಬಳಿಯುತ್ತ ಹೋದರೆ ಗಾಜಿನ ಮನೆ ಮಾಯವಾಗುತ್ತದೆ. ಕೈ ಜಾರಿ ಚಿಕ್ಕಪ್ಪನ ಶಲ್ಯದ ಅಂಚು ಹೋದರೆ ‘ಎಕ್ಸ್’ ಕೀಲಿ ಒತ್ತಬೇಕು. ಬ್ರಷ್ಷಿನ ಬಣ್ಣ ಬಿಳಿಗೆ ತಿರುಗುತ್ತದೆ, ಅದೇ ಜಾಗದಲ್ಲಿ ಬಳಿದರೆ ಶಲ್ಯ ಹಿಂದಿರುಗುತ್ತದೆ. ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಹೀಗೆ ನೂರು ಸಲ ಓಡಾಡಿದರೂ ಮೂಲದ ಒಂದು ಪಿಕ್ಸೆಲ್ ಕೂಡ ಸವೆಯುವುದಿಲ್ಲ. ಈ ಭರವಸೆಯಿಂದ ಕೈಗೆ ಬರುವ ಧೈರ್ಯವೇ ಬೇರೆ. ಎರೇಸರ್ ಹಿಡಿದವನು ಅಂಚಿನ ಹತ್ತಿರ ಹೋಗಲು ಹೆದರಿ ಅಂಚಿನಿಂದ ದೂರದಲ್ಲೇ ನಿಲ್ಲುತ್ತಾನೆ, ಇಲ್ಲವೇ ಅವಸರದಲ್ಲಿ ಅಂಚನ್ನೇ ತಿಂದು ಹಾಕುತ್ತಾನೆ. ಹಳೆಯ ಸಂಘಸಂಸ್ಥೆಗಳ ಬ್ಯಾನರುಗಳಲ್ಲಿ ಎಲ್ಲರ ತಲೆಗೂ ಹೆಲ್ಮೆಟ್ ಹಾಕಿದಂತೆ ಕೂದಲು ಕಾಣುವುದಕ್ಕೆ ಕಾರಣ ಇದೇ.

ಕೂದಲಿನ ವಿಷಯದಲ್ಲಿ ಕಪ್ಪು ಬಿಳುಪು ಎರಡೇ ಸಾಲುವುದಿಲ್ಲ. ಚಿಕ್ಕಮ್ಮನ ಕಿವಿಯ ಮೇಲೆ ಹಾರುತ್ತಿದ್ದ ಎಳೆಗೂದಲು ಕ್ಯಾಮೆರಾದ ಒಂದು ಪಿಕ್ಸೆಲ್ಲಿಗಿಂತಲೂ ತೆಳುವಾಗಿದ್ದುದರಿಂದ, ಅಲ್ಲಿನ ಪ್ರತಿ ಪಿಕ್ಸೆಲ್ಲೂ ಒಂದಿಷ್ಟು ಕೂದಲು, ಒಂದಿಷ್ಟು ಹಿಂದಿನ ಮರದ ಹಸಿರು ಸೇರಿದ ಮಿಶ್ರಣ. ಅದನ್ನು ಪೂರ್ತಿ ಉಳಿಸಿದರೆ ಹಸಿರು ಉಳಿಯುತ್ತದೆ, ಪೂರ್ತಿ ತೆಗೆದರೆ ಕೂದಲು ಹೋಗುತ್ತದೆ. ಇಂಥ ಕಡೆ ಬೂದು ಬಣ್ಣವೇ ಬೇಕು. ಬೂದನ್ನು ತರಲು ಎರಡು ದಾರಿಗಳಿವೆ, ಅವು ಒಂದೇ ಎಂದು ಬಹಳ ದಿನ ನಾನು ತಪ್ಪು ತಿಳಿದಿದ್ದೆ. ಕಪ್ಪು ಬ್ರಷ್ಷಿನ ಒಪಾಸಿಟಿಯನ್ನು, ಅಂದರೆ ಬಣ್ಣದ ಗಾಢತೆಯನ್ನು, ನೂರರಿಂದ 50ಕ್ಕೆ ಇಳಿಸಿ ಬಳಿಯುವುದು ಒಂದು ದಾರಿ. ಹೀಗೆ ಮಾಡಿದಾಗ ಮೊದಲ ಸಲಕ್ಕೆ ಅರ್ಧ ಉಳಿಯುತ್ತದೆ, ಮೌಸ್ ಬಿಟ್ಟು ಮತ್ತೊಮ್ಮೆ ಬಳಿದರೆ ಕಾಲುಭಾಗ, ಮೂರನೆಯ ಸಲಕ್ಕೆ ಅದರ ಅರ್ಧ. ಎಲ್ಲಿ ಎಷ್ಟು ಸಲ ಬಳಿದೆವೆಂದು ನೆನಪಿಲ್ಲದೆ ಮಾಸ್ಕಿನ ತುಂಬ ಮಚ್ಚೆಗಳಾಗುತ್ತವೆ. ಇನ್ನೊಂದು ದಾರಿಯೆಂದರೆ ಒಪಾಸಿಟಿಯನ್ನು 100ರಲ್ಲೇ ಇಟ್ಟು ಬ್ರಷ್ಷಿಗೇ ಬೂದು ಬಣ್ಣ ತುಂಬುವುದು. ಆಗ ಎಷ್ಟು ಸಲ ಬಳಿದರೂ ಆ ಜಾಗದ ಬೆಲೆ 128 ಎಂದರೆ 128. ಗಾಜಿನ ಹೊಳಪು, ನೆರಳು, ತೆಳು ಸೆರಗು ಇಂಥ ಕಡೆ ಎರಡನೆಯ ದಾರಿಯನ್ನೇ ನಾನು ಹಿಡಿಯುತ್ತೇನೆ. ಕೂದಲಿನಲ್ಲಿ ಮೊದಲನೆಯದು, ಅದೂ ಒಪಾಸಿಟಿ ಬಹಳ ಇಳಿಸಿ.

ಮಾಸ್ಕ್ ಎಷ್ಟೇ ನಾಜೂಕಾಗಿದ್ದರೂ ಒಂದು ಕೆಲಸ ಅದರಿಂದ ಆಗುವುದಿಲ್ಲ. ಎಳೆಗೂದಲಿನ ಪಿಕ್ಸೆಲ್ಲಿನಲ್ಲಿ ಸೇರಿಹೋಗಿರುವ ಹಸಿರನ್ನು ಅದು ತೆಗೆಯಲಾರದು. ಎಷ್ಟು ಕಾಣಬೇಕೆಂಬುದು ಮಾತ್ರ ಅದರ ಅಧಿಕಾರ, ಯಾವ ಬಣ್ಣದಲ್ಲಿ ಕಾಣಬೇಕೆಂಬುದು ಅಲ್ಲ. ಅರಿಸಿನದ ಹಿನ್ನೆಲೆಯ ಮೇಲೆ ಕೂರಿಸಿದ ಕೂಡಲೇ ಚಿಕ್ಕಮ್ಮನ ತಲೆಯ ಸುತ್ತ ಪಾಚಿ ಕಟ್ಟಿದಂಥ ಅಂಚು ಕಾಣಿಸಿತು. ಫೋಟೋಶಾಪಿನ ‘ಸೆಲೆಕ್ಟ್ ಅಂಡ್ ಮಾಸ್ಕ್’ ಎಂಬಲ್ಲಿ ಇದಕ್ಕೆಂದೇ ಬಣ್ಣ ಶುದ್ಧಗೊಳಿಸುವ ಒಂದು ಆಯ್ಕೆಯಿದೆ. ಅದನ್ನು ಒತ್ತಿದರೆ ತಂತ್ರಾಂಶ ಫಲಿತಾಂಶವನ್ನು ಹೊಸ ಪದರದಲ್ಲಿ ಕೊಡುತ್ತದೆ, ಇದ್ದ ಪದರದ ಮೇಲಲ್ಲ. ಏಕೆಂದರೆ ಬಣ್ಣ ಬದಲಾಯಿಸುವುದೆಂದರೆ ಪಿಕ್ಸೆಲ್ಲುಗಳನ್ನೇ ಬದಲಾಯಿಸುವುದು. ನಾನು ಹೆಚ್ಚಾಗಿ ಕೈಯಿಂದಲೇ ಮಾಡುತ್ತೇನೆ. ಮೇಲೆ ಒಂದು ಖಾಲಿ ಪದರ ಸೇರಿಸಿ, ಅದನ್ನು ಕ್ಲಿಪ್ಪಿಂಗ್ ಮಾಸ್ಕ್ ಆಗಿ ಕೆಳಗಿನ ಆಕೃತಿಗೆ ಕಟ್ಟಿ, ಕೂದಲಿನ ಒಳಭಾಗದಿಂದ ಬಣ್ಣ ಎತ್ತಿಕೊಂಡು ಅಂಚಿನ ಮೇಲೆ ಮೃದುವಾಗಿ ಬಳಿದರೆ ಹಸಿರು ಮುಚ್ಚಿಹೋಗುತ್ತದೆ. ಕ್ಲಿಪ್ಪಿಂಗ್ ಮಾಸ್ಕ್ ಎಂದರೆ ಕೆಳಗಿನ ಪದರದ ಆಕಾರವೇ ಮೇಲಿನದಕ್ಕೆ ಅಚ್ಚು. ‘ಬೆಂಗಳೂರು’ ಎಂಬ ದಪ್ಪ ಅಕ್ಷರಗಳ ಒಳಗೆ ಕಬ್ಬನ್ ಪಾರ್ಕಿನ ಚಿತ್ರ ತುಂಬಿಸಿರುವ ಪೋಸ್ಟರುಗಳನ್ನು ನೀವು ನೋಡಿರಬಹುದು. ಅದೂ ಇದೇ ವಿದ್ಯೆ.

ಇಡೀ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ, ನಾನು ಇಂದಿಗೂ ಮಾಡುತ್ತೇನೆ. ಪದರದ ಪಟ್ಟಿಯಲ್ಲಿ ಚಿತ್ರದ ಕಿರುರೂಪ, ಮಾಸ್ಕಿನ ಕಿರುರೂಪ ಎರಡೂ ಅಕ್ಕಪಕ್ಕ ಇರುತ್ತವೆ, ಯಾವುದರ ಸುತ್ತ ಚೌಕಟ್ಟಿದೆಯೋ ಅದರ ಮೇಲೆ ಬ್ರಷ್ ಕೆಲಸ ಮಾಡುತ್ತದೆ. ಮಾಸ್ಕ್ ಎಂದುಕೊಂಡು ಚಿತ್ರದ ಮೇಲೆಯೇ ಕಪ್ಪು ಬಳಿದು, ಚಿಕ್ಕಪ್ಪನ ಹಣೆಗೆ ಮಸಿ ಹಚ್ಚಿದ ಮೇಲೆಯೇ ಎಚ್ಚರವಾಗುವುದು. ಫೋಟೋಶಾಪಿನಲ್ಲಿ ಆಲ್ಟ್ ಹಿಡಿದು ಮಾಸ್ಕಿನ ಕಿರುರೂಪ ಒತ್ತಿದರೆ ಮಾಸ್ಕ್ ಮಾತ್ರ ಪರದೆಯ ತುಂಬ ಕಾಣುತ್ತದೆ. ಬಿಟ್ಟುಹೋದ ಕಲೆಗಳೆಲ್ಲ ಅಲ್ಲಿ ಎದ್ದು ಕಾಣುತ್ತವೆ. ಶಿಫ್ಟ್ ಹಿಡಿದು ಒತ್ತಿದರೆ ಮಾಸ್ಕ್ ತಾತ್ಕಾಲಿಕವಾಗಿ ಆರಿಹೋಗುತ್ತದೆ. ಗಿಂಪ್ ಬಳಸುವವರಿಗೆ ಪದರದ ಮೆನುವಿನಲ್ಲಿ ಮಾಸ್ಕ್ ಎಂಬ ವಿಭಾಗವೇ ಇದೆ. ಹೊಸ ಮಾಸ್ಕ್ ಬಿಳಿಯಾಗಿರಬೇಕೇ, ಕಪ್ಪಾಗಿರಬೇಕೇ, ಆರಿಸಿದ ಭಾಗದಿಂದ ಆಗಬೇಕೇ, ಪದರದ್ದೇ ಬೂದು ನಕಲಾಗಬೇಕೇ ಎಂದು ಅದು ಮೊದಲೇ ಕೇಳುತ್ತದೆ.

ಆ ಕೊನೆಯ ಆಯ್ಕೆ ನನಗೆ ತುಂಬ ಇಷ್ಟ. ಚಿತ್ರವೇ ತನ್ನ ಮಾಸ್ಕ್ ಆಗುವುದು ಎಂಬುದರಲ್ಲಿ ಒಂದು ಸೊಗಸಿದೆ. ಭಾನುವಾರದ ಸಂಜೆ ದೀಪ ಹಾಕಿದ ವಿಧಾನಸೌಧವನ್ನು ಟ್ರೈಪಾಡ್ ಮೇಲಿಂದ ಎರಡು ಸಲ ತೆಗೆಯುತ್ತೇನೆ, ಒಂದು ದೀಪಗಳಿಗೆ ಹೊಂದುವಂತೆ, ಇನ್ನೊಂದು ಕತ್ತಲಾಗುತ್ತಿರುವ ಆಕಾಶಕ್ಕೆ ಹೊಂದುವಂತೆ. ಹೆಚ್ಚು ಬೆಳಕಿನದನ್ನು ಕೆಳಗಿಟ್ಟು, ಕಡಿಮೆ ಬೆಳಕಿನದನ್ನು ಮೇಲಿಟ್ಟು, ಕೆಳಗಿನದರ ಬೂದು ನಕಲನ್ನು ಮೇಲಿನದಕ್ಕೆ ಮಾಸ್ಕ್ ಆಗಿ ಅಂಟಿಸಿದರೆ, ಎಲ್ಲಿ ದೀಪದ ಬೆಳಕು ಉಕ್ಕಿ ಕಂಬಗಳ ಕೆತ್ತನೆ ಮುಳುಗಿತ್ತೋ ಅಲ್ಲಿ ಮಾತ್ರ ಮೇಲಿನ ಚಿತ್ರ ಬಂದು ಕೆತ್ತನೆ ಮತ್ತೆ ಮೂಡುತ್ತದೆ. ಬ್ರಷ್ ಮುಟ್ಟಬೇಕಾಗಿಯೇ ಇಲ್ಲ. ಅಂಥ ಅಂಚನ್ನು ಯಾವ ಕೈಯೂ ಬಿಡಿಸಲಾರದು.

ಷಷ್ಟ್ಯಬ್ದಿಯ ಫೋಟೋದಲ್ಲಿ ಐದು ಜನರನ್ನು ತೆಗೆಯುವ ಮೊದಲ ಕೆಲಸಕ್ಕೆ ಮರೆಮಾಡುವುದಷ್ಟೇ ಸಾಲದು. ಅವರು ನಿಂತಿದ್ದ ಜಾಗದಲ್ಲಿ ಹುಲ್ಲನ್ನೂ ಗಾಜಿನ ಚೌಕಗಳನ್ನೂ ತುಂಬಿಸಬೇಕು. ಇಲ್ಲಿಯೂ ಮೂಲಪದರವನ್ನು ಮುಟ್ಟುವ ಅಗತ್ಯವಿಲ್ಲ. ಮೇಲೊಂದು ಖಾಲಿ ಪದರ ಸೇರಿಸಿ, ಕ್ಲೋನ್ ಅಥವಾ ಹೀಲಿಂಗ್ ಬ್ರಷ್ಷಿಗೆ ಈ ಪದರ ಮತ್ತು ಕೆಳಗಿನದು ಎರಡರಿಂದಲೂ ಮಾದರಿ ತೆಗೆದುಕೊಳ್ಳುವಂತೆ ಹೇಳಿದರೆ, ಕೆಳಗಿನಿಂದ ಎತ್ತಿದ ಹುಲ್ಲು ಮೇಲಿನ ಖಾಲಿ ಪದರದಲ್ಲಿ ತೇಪೆಯಾಗಿ ಬೀಳುತ್ತದೆ. ಐದು ಜನರೂ ತೇಪೆಯ ಅಡಿಯಲ್ಲಿ ಸುರಕ್ಷಿತವಾಗಿರುತ್ತಾರೆ. ತೇಪೆಯ ಪದರಕ್ಕೂ ಒಂದು ಮಾಸ್ಕ್ ಹಾಕಿಡುವುದು ನನ್ನ ಅಭ್ಯಾಸ. ಈಗಿನ ಫೋಟೋಶಾಪಿನಲ್ಲಿ ಕೃತಕ ಬುದ್ಧಿಮತ್ತೆಯಿಂದ ಖಾಲಿ ಜಾಗ ತುಂಬಿಸುವ ಸೌಲಭ್ಯವೂ ಇದೆ, ಅದು ಕೂಡ ಫಲಿತಾಂಶವನ್ನು ಮಾಸ್ಕ್ ಸಮೇತ ಪ್ರತ್ಯೇಕ ಪದರದಲ್ಲೇ ಇಡುತ್ತದೆ. ಹುಲ್ಲಿಗೆ ಅದು ಚೆನ್ನಾಗಿದೆ. ಗಾಜಿನ ಮನೆಯ ಕಬ್ಬಿಣದ ಕಮಾನುಗಳನ್ನು ಅದು ತನಗೆ ತೋಚಿದಂತೆ ಕಟ್ಟಿತು. ಲಾಲ್‌ಬಾಗ್ ನೋಡಿದವರು ನಗುತ್ತಾರೆಂದು ಅಳಿಸಿದೆ.

ಇದೇ ವಿಧಾನದಲ್ಲಿ ಜನವರಿ ಫೆಬ್ರವರಿಯಲ್ಲಿ ಊರಿನ ತುಂಬ ಅರಳುವ ಗುಲಾಬಿ ಟಬೂಬಿಯಾ ಮರಗಳ ಮುಂದಿನ ತಂತಿಗಳನ್ನೂ ತೆಗೆಯುತ್ತೇನೆ. ತೆಗೆದ ಮೇಲೆ ಬಹಳ ಸಲ ತಂತಿಗಳ ಮೇಲಿನ ತೇಪೆಯ ಪದರದ ಮಾಸ್ಕನ್ನು ಸ್ವಲ್ಪ ಬೂದು ಮಾಡಿ, ಅವು ಅಸ್ಪಷ್ಟವಾಗಿ ಹಿಂದಿರುಗುವಂತೆ ಮಾಡುತ್ತೇನೆ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಇಂಟರ್ನೆಟ್ ಕೇಬಲ್ಲಿನ ಒಂದು ಸುರುಳಿಯೂ ಇಲ್ಲದ ಜಯನಗರದ ಬೀದಿಯನ್ನು ನೋಡಿದರೆ ಅದು ನಮ್ಮ ಊರು ಅನ್ನಿಸುವುದೇ ಇಲ್ಲ.

‘ಅಂಡೂ ಇದೆಯಲ್ಲ, ಇಷ್ಟೆಲ್ಲ ಏಕೆ’ ಎಂದು ನನ್ನನ್ನು ಕೇಳಿದವರಿದ್ದಾರೆ. ಅಂಡೂ, ಅಂದರೆ ಮಾಡಿದ್ದನ್ನು ರದ್ದುಮಾಡುವ ಆಜ್ಞೆ, ಹಿಂದಕ್ಕೆ ಹೋಗುವುದು ಸಾಲಾಗಿ ಮಾತ್ರ: ಹತ್ತನೆಯ ಹೆಜ್ಜೆಯ ತಪ್ಪು ತಿದ್ದಲು ಅದರ ನಂತರದ ನಲವತ್ತು ಒಳ್ಳೆಯ ಹೆಜ್ಜೆಗಳನ್ನೂ ಬಿಟ್ಟುಕೊಡಬೇಕು. ಕಡತ ಮುಚ್ಚಿದರೆ ಆ ಇತಿಹಾಸವೂ ಹೋಯಿತು. ಮಾಸ್ಕ್ ಕಡತದ ಒಳಗೇ ಉಳಿಯುತ್ತದೆ, ಆರು ವರ್ಷದ ನಂತರ ತೆರೆದರೂ. ಬಣ್ಣ, ಬೆಳಕು ತಿದ್ದುವುದಕ್ಕೂ ಇದೇ ರೀತಿಯ ಹೊಂದಾಣಿಕೆಯ ಪದರಗಳಿವೆ, ಗಿಂಪ್ ಕೂಡ 2025ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಫಿಲ್ಟರುಗಳನ್ನು ಮೂಲಕ್ಕೆ ಧಕ್ಕೆಯಾಗದಂತೆ ಹಾಕಲು ಬಿಡುತ್ತದೆ. ಫೋಟೋ ತಿದ್ದುವ ಲೈಟ್‌ರೂಮ್ ತಂತ್ರಾಂಶವಂತೂ 2007ರ ಮೊದಲ ಆವೃತ್ತಿಯಿಂದಲೇ ಮೂಲಕಡತವನ್ನು ಮುಟ್ಟದೆ, ಏನೇನು ಮಾಡಬೇಕೆಂಬ ಸೂಚನೆಗಳನ್ನು ಮಾತ್ರ ಬೇರೆಡೆ ಬರೆದಿಡುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಡಿಸ್ಕಿನ ಜಾಗ. 24 ಮೆಗಾಪಿಕ್ಸೆಲ್ ಚಿತ್ರದ ಒಂದು ಪದರ ಕುಗ್ಗಿಸದೆ ಇಟ್ಟರೆ ಸುಮಾರು 72 ಎಂಬಿ, ಅದರ ಮಾಸ್ಕ್ ಮತ್ತೆ 24 ಎಂಬಿ. ಪದರಗಳನ್ನು ಉಳಿಸಬೇಕೆಂದರೆ ಫೋಟೋಶಾಪಿನ ಪಿಎಸ್‌ಡಿ, ಟಿಫ್ ಅಥವಾ ಗಿಂಪಿನ ಎಕ್ಸ್‌ಸಿಎಫ್ ರೂಪದಲ್ಲೇ ಇಡಬೇಕು. ಅಚ್ಚಿಗೆ ಕಳಿಸುವ ಜೆಪೆಗ್ ಯಾವಾಗಲೂ ಬೇರೆ ಹೆಸರಿನ ನಕಲಾಗಿರಬೇಕು.

ಇಷ್ಟು ಹೇಳಿದ ಮೇಲೆ, ಮರೆಮಾಡುವುದು ಅಪಾಯವಾಗುವ ಸಂದರ್ಭವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಯಾವುದೋ ಅರ್ಜಿಗೆಂದು ತಮ್ಮ ಆಧಾರ್ ಕಾರ್ಡಿನ ಫೋಟೋ ಹಾಕಿದ್ದರು. ಸಂಖ್ಯೆಯ ಮೇಲೆ ಫೋನಿನ ಕಪ್ಪು ಮಾರ್ಕರಿನಿಂದ ನಾಲ್ಕೈದು ಸಲ ಗೀಚಿದ್ದರು. ನೋಡಲು ಕಪ್ಪಗೇ ಇತ್ತು. ಆದರೆ ಕೆಲವು ಮಾರ್ಕರ್ ಬ್ರಷ್ಷುಗಳು ಅರೆಪಾರದರ್ಶಕವಾಗಿರುತ್ತವೆ. ಅರ್ಧದ ಅರ್ಧ, ಅದರ ಅರ್ಧ ಎಂದು ಮೇಲೆ ಹೇಳಿದೆನಲ್ಲ, ಅದೇ ಲೆಕ್ಕ, ಪೂರ್ತಿ ಸೊನ್ನೆಯಾಗುವುದಿಲ್ಲ. ಚಿತ್ರದ ಬೆಳಕನ್ನು ಏರಿಸಿ ನೋಡಿದೆ, ಹನ್ನೆರಡು ಅಂಕಿಗಳೂ ಓದುವಂತಿದ್ದವು. ಅವರಿಗೆ ಬೇರೆಯಾಗಿ ಸಂದೇಶ ಕಳಿಸಿ ತೆಗೆಸಿದೆ. ಇಂಥ ಕಡೆ ಬೇಕಾಗಿರುವುದು ತೆರೆಯಲ್ಲ, ಸುಣ್ಣವೇ. ಗಟ್ಟಿ ಬಣ್ಣದ ಚೌಕ ಎಳೆದು, ಎಲ್ಲ ಪದರಗಳನ್ನೂ ಒಂದಾಗಿಸಿ, ಜೆಪೆಗ್ ಆಗಿ ಹೊರತೆಗೆದು ಕಳಿಸಬೇಕು; ಪದರಗಳಿರುವ ಕಡತವನ್ನಂತೂ ಕೊಡಲೇಬಾರದು. ಆಧಾರಿಗಾದರೆ ಅದೂ ಬೇಡ, ಮೊದಲ ಎಂಟು ಅಂಕಿ ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಯುಐಡಿಎಐ ತಾಣದಲ್ಲೇ ಸಿಗುತ್ತದೆ.

ಅಳಿಸಿದ್ದೇವೆಂದು ನಾವು ನಂಬಿದ್ದು ಅಳಿಯದೆ ಉಳಿದ ದೊಡ್ಡ ಉದಾಹರಣೆ 2023ರಲ್ಲಿ ಬಯಲಾಯಿತು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಸ್ಕ್ರೀನ್‌ಶಾಟನ್ನು ಕತ್ತರಿಸಿದಾಗ, ಸಾಧನವು ಚಿಕ್ಕ ಚಿತ್ರವನ್ನು ಹಳೆಯ ಕಡತದ ಮೇಲೆಯೇ ಬರೆಯುತ್ತಿತ್ತು, ಆದರೆ ಕಡತದ ಉಳಿದ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಕತ್ತರಿಸಿ ಬಿಸಾಡಿದ ಭಾಗದ ಬಹುಪಾಲನ್ನು ಆ ಬಾಲದಿಂದ ಮರಳಿ ಪಡೆಯಬಹುದಾಗಿತ್ತು. ಅದೇ ವರ್ಷ ವಿಂಡೋಸ್‌ನ ಕತ್ತರಿಸುವ ಸಾಧನದಲ್ಲೂ ಇಂಥದೇ ದೋಷ ಕಂಡುಬಂತು. ಸುದ್ದಿ ಓದಿದಾಗ ನನಗೆ ಒಂದು ಕ್ಷಣ ಅಸೂಯೆಯಾಯಿತು: 2008ರಲ್ಲಿ ನನ್ನ ಫೋಟೋಶಾಪಿಗೂ ಅಂಥ ಒಂದು ದೋಷ ಇರಬಾರದಿತ್ತೇ.

ಷಷ್ಟ್ಯಬ್ದಿಯ ಪತ್ರಿಕೆ ಅಚ್ಚಿಗೆ ಹೋಗಬೇಕಾದ ದಿನ ಮಧ್ಯಾಹ್ನ ಚಿಕ್ಕಮ್ಮನ ಫೋನ್ ಬಂತು. ನಾನು ಕಳಿಸಿದ್ದ ನಮೂನೆಯನ್ನು ಮೂಲದ ಜೊತೆ ಇಟ್ಟು ನೋಡಿದ್ದರು.

“ಎಡಗಡೆ ಒಬ್ಬ ಹುಡುಗ ಇದ್ದನಲ್ಲೋ, ಅವನನ್ನ ಯಾಕೋ ತೆಗೆದೆ? ಅವನು ನಮ್ಮ ಸರಸು ಮೊಮ್ಮಗ ಕಣೋ. ಅವತ್ತು ನಮ್ಮ ಜೊತೆಗೇ ಬಂದಿದ್ದ.”

“ಚಿಕ್ಕಪ್ಪನೇ ಎಲ್ಲರನ್ನೂ ತೆಗಿ ಅಂದಿದ್ರು, ಚಿಕ್ಕಮ್ಮ.”

“ಅವರಿಗೇನು ಗೊತ್ತು. ಸರಸು ನೋಡಿದ್ರೆ ಬೇಜಾರು ಮಾಡ್ಕೋತಾಳೆ. ಈಗ ಆಗುತ್ತೋ ಇಲ್ಲವೋ?”

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ತೇಪೆಯ ಪದರದ ಮಾಸ್ಕ್ ಆರಿಸಿ, ಎಡಗಡೆಯ ಹುಲ್ಲಿನ ಮೇಲೆ ಕಪ್ಪು ಬಳಿದೆ. ಮೊದಲು ಚಪ್ಪಲಿ, ಆಮೇಲೆ ಚಡ್ಡಿ, ಆಮೇಲೆ ನಗು. ಹುಡುಗ ನಿಂತಿದ್ದಲ್ಲೇ ನಿಂತಿದ್ದ. ಚಿತ್ರವನ್ನು ಅವರಿಗೆ ಕಳಿಸಿದೆ.

“ಇಷ್ಟು ಬೇಗ ಆಯ್ತಾ? ಸರಿ. ಅವನ ಕೈಯಲ್ಲಿ ಚುರುಮುರಿ ಪೊಟ್ಟಣ ಇದೆ ನೋಡು, ಅದೊಂದು ತೆಗೆದುಬಿಡು, ಚೆನ್ನಾಗಿ ಕಾಣಲ್ಲ.”

ಎಕ್ಸ್ ಒತ್ತಿ, ಬ್ರಷ್ಷನ್ನು ಚಿಕ್ಕದು ಮಾಡಿಕೊಂಡೆ.